ಮನೆಯಲ್ಲೇ ಮಾಡುವ ಹಣ್ಣಿನ ಮಫಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಶಾಲೆಯ ಡಬ್ಬಿಗೆಂದು ಧಾರವಾಡದ ನಮ್ಮ ಮನೆಯಲ್ಲಿ ಶುರುವಾದ ಹಣ್ಣಿನ ಮಫಿನ್ ಈಗ ಓಣಿಯ ಏಳೆಂಟು ಮನೆಗಳಲ್ಲಿ ಆಗುತ್ತಿದೆ. ಅಂಗಳದಲ್ಲಿ ನಿಂತು ಕೇಳಿದವರು, ಫೋನ್ ಮಾಡಿದವರು, ಚಿಗರಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ವಾಸನೆ ಹಿಡಿದು ಮಾತಿಗೆ ಇಳಿದವರು, ಊರಿಂದ ಪತ್ರ ಬರೆದ ಸಂಬಂಧಿಕರು, ಎಲ್ಲರ ಪ್ರಶ್ನೆಗಳನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದೆ. ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಎಲ್ಲ ಉತ್ತರದ ಹಿಂದೆ ಇರುವುದು ಒಂದೇ ನಂಬಿಕೆ: ಮೊದಲು ಹಣ್ಣನ್ನು ಬಾಯಿಗೆ ಹಾಕಿಕೊಂಡು ನೋಡಬೇಕು, ಬೆಲ್ಲ, ಎಣ್ಣೆ, ನೀರಿನ ಲೆಕ್ಕ ಆಮೇಲೆ ಮಾಡಬೇಕು.

## ಮೊದಲ ಸಲ ಮಾಡುವವರಿಗೆ

ಮಫಿನ್ ಅಂದ್ರೆ ಕಪ್‌ಕೇಕೇ ಅಲ್ವಾ? ಹೆಸರಷ್ಟೇ ಬೇರೆನಾ?

ಬೇರೆಯೇ. ಕಪ್‌ಕೇಕಿಗೆ ಬೆಣ್ಣೆ, ಸಕ್ಕರೆಯನ್ನು ಹಗುರಾಗುವ ತನಕ ಬಡಿಯಬೇಕು. ಮಫಿನ್‌ಗೆ ಅದೇನೂ ಬೇಡ. ಒಣ ಸಾಮಾನು ಒಂದು ಬೋಗುಣಿಯಲ್ಲಿ, ಹಸಿ ಸಾಮಾನು ಇನ್ನೊಂದರಲ್ಲಿ. ಎರಡನ್ನೂ ಕೂಡಿಸಿ ಚಮಚದಿಂದ ಹತ್ತು ಹನ್ನೆರಡು ಸುತ್ತು ತಿರುಗಿಸಿದರೆ ಮುಗಿಯಿತು. ಹಾಗಾಗಿ ಸಕ್ಕರೆ, ಕೊಬ್ಬು ಕಡಿಮೆ ಮಾಡಿದರೂ ಮಫಿನ್ ತಡೆದುಕೊಳ್ಳುತ್ತದೆ, ಕೇಕ್ ತಡೆಯುವುದಿಲ್ಲ. ಮಿಕ್ಸರ್, ಬೀಟರ್ ಯಾವುದೂ ಬೇಡ.

ಒಂದು ಅಳತೆ ಹೇಳಿಬಿಡಿ, ಅದನ್ನೇ ಹಿಡ್ಕೊಂಡು ಹೋಗ್ತೀನಿ.

ಹತ್ತು ಮಫಿನ್‌ಗೆ ನನ್ನ ಅಳತೆ ಇದು. ಗೋಧಿ ಹಿಟ್ಟು ಒಂದೂವರೆ ಕಪ್, ಅಂದರೆ ಸುಮಾರು 180 ಗ್ರಾಂ. ಬೇಕಿಂಗ್ ಪೌಡರ್ ಒಂದೂವರೆ ಚಹಾ ಚಮಚ, ಅಡುಗೆ ಸೋಡಾ ಕಾಲು ಚಮಚ, ಉಪ್ಪು ಕಾಲು ಚಮಚ, ನಾಲ್ಕು ಯಾಲಕ್ಕಿಯ ಪುಡಿ. ಇದು ಒಣ ಭಾಗ. ಹಸಿ ಭಾಗಕ್ಕೆ ಹಿಸುಕಿದ ಹಣ್ಣು ಒಂದು ಕಪ್, ಬೆಲ್ಲದ ಪುಡಿ 60 ಗ್ರಾಂ, ಎಣ್ಣೆ ಕಾಲು ಕಪ್, ಮೊಸರು ಕಾಲು ಕಪ್, ತತ್ತಿ ಒಂದು.

ಓವನ್ 180 ಡಿಗ್ರಿಗೆ ಮೊದಲೇ ಕಾದಿರಬೇಕು. ಅಚ್ಚಿನ ಮುಕ್ಕಾಲು ಭಾಗ ಹಿಟ್ಟು ತುಂಬಿ 20ರಿಂದ 22 ನಿಮಿಷ ಬೇಯಿಸಿ. ಹಿಟ್ಟಿನಲ್ಲಿ ಸಣ್ಣ ಗಂಟು ಉಳಿದರೆ ಬಿಡಿ, ಅದು ಬೇಯುವಾಗ ಕರಗುತ್ತದೆ. ಬಜ್ಜಿ ಹಿಟ್ಟಿನ ಹಾಗೆ ನುಣ್ಣಗೆ ಕಲಸುತ್ತಾ ಕೂತರೆ ಮಫಿನ್ ರಬ್ಬರ್ ಆಗುತ್ತದೆ. ಮೊದಲ ಸಲ ಮಾಡುವವರು ಬಾಳೆಹಣ್ಣಿನಿಂದಲೇ ಶುರು ಮಾಡಿ. ಅದು ತಪ್ಪನ್ನು ಮುಚ್ಚಿಕೊಂಡು ಹೋಗುವ ಹಣ್ಣು.

ಅಕ್ಕಾರ, ನಮ್ಮಲ್ಲಿ ಓವನ್ ಇಲ್ಲ. ಕುಕ್ಕರ್‌ನ್ಯಾಗ ಆಗ್ತದೇನ್ರೀ?

ಆಗುತ್ತದೆ. ಆದರೆ ದಿನಾ ಅನ್ನ ಮಾಡುವ ಕುಕ್ಕರ್ ಬೇಡ, ನೀರಿಲ್ಲದೆ ಕಾದು ತಳ ಕೆಡುತ್ತದೆ. ಹಳೆಯ ಕುಕ್ಕರ್ ಅಥವಾ ದಪ್ಪ ತಳದ ಪಾತ್ರೆ ತಗೊಳ್ಳಿ. ಒಂದು ಇಂಚು ಉಪ್ಪು ಹರವಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ನಡುವಿನ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಕುಕ್ಕರ್ ಆದರೆ ಸೀಟಿ, ರಬ್ಬರ್ ಎರಡನ್ನೂ ತೆಗೆದಿರಬೇಕು. ಸ್ಟೀಲ್ ವಾಟಗಗಳಿಗೆ ಎಣ್ಣೆ ಸವರಿ ಹಿಟ್ಟು ತುಂಬಿ ಒಳಗಿಡಿ. ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ ಬೇಕು. ಮೇಲೆ ಬಣ್ಣ ಬರುವುದಿಲ್ಲ, ರುಚಿಗೇನೂ ಕೊರತೆ ಇಲ್ಲ.

ಇದಕ್ಕಿಂತ ಸುಲಭದ್ದು ಪಡ್ಡಿನ ಹಂಚು. ಅದೇ ಹಿಟ್ಟನ್ನು ಗುಳಿಗಳಿಗೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ. ತಿರುವಿ ಹಾಕಿ ಇನ್ನೂ ಮೂರು ನಿಮಿಷ. ಎರಡೂ ಕಡೆ ಕೆಂಪಾದ ಪುಟ್ಟ ಮಫಿನ್‌ಗಳು ಸಿಗುತ್ತವೆ. ಮಕ್ಕಳ ಡಬ್ಬಿಗೆ ನನಗೆ ಇವೇ ಜಾಸ್ತಿ ಇಷ್ಟ.

ಇದು ನಿಜವಾಗಲೂ ಆರೋಗ್ಯಕ್ಕೆ ಒಳ್ಳೇದಾ, ಇಲ್ಲ ಸುಮ್ನೆ ಹೇಳ್ತೀರಾ?

ಮಫಿನ್ ಔಷಧಿ ಅಲ್ಲ. ಅಂಗಡಿಯ ಮಫಿನ್‌ಗಿಂತ ಒಳ್ಳೆಯ ತಿಂಡಿ, ಅಷ್ಟೇ. ಲೆಕ್ಕ ನೋಡಿ. ಮಾಮೂಲಿ ಅಳತೆಯಲ್ಲಿ ಹನ್ನೆರಡು ಮಫಿನ್‌ಗೆ ಒಂದು ಕಪ್, ಅಂದರೆ 200 ಗ್ರಾಂ ಸಕ್ಕರೆ ಬೀಳುತ್ತದೆ. ಒಂದಕ್ಕೆ 16 ಗ್ರಾಂ ದಾಟುತ್ತದೆ. ನನ್ನ ಅಳತೆಯಲ್ಲಿ ಒಂದಕ್ಕೆ 6 ಗ್ರಾಂ ಬೆಲ್ಲ. ಮೇಲಿಂದ ಹಾಕಿಕೊಳ್ಳುವ ಸಿಹಿ ದಿನದ ಕ್ಯಾಲರಿಯಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದೊಡ್ಡವರಿಗೆ ಆ ಐದರ ಲೆಕ್ಕ ಸುಮಾರು 25 ಗ್ರಾಂ. ಒಂದು ಮಫಿನ್‌ಗೇ 16 ಗ್ರಾಂ ಹೋದರೆ ಚಹಾಕ್ಕೆ ಏನು ಉಳಿಯಿತು?

ಇದರ ಜೊತೆಗೆ ಮೈದಾ ಹೋಗಿ ತವಡು ಇರುವ ಗೋಧಿ ಹಿಟ್ಟು ಬಂತು, ಹಣ್ಣಿನ ನಾರು ಬಂತು. ಆದರೂ ಒಂದು ಸಲಕ್ಕೆ ಒಂದು ಸಾಕು.

## ಹಿಟ್ಟು, ಸಿಹಿ, ಎಣ್ಣೆ

ಪೂರಾ ಗೋಧಿ ಹಿಟ್ಟು ಹಾಕಿದ್ರ ಕಲ್ಲಾಗ್ತಾವು. ಏನ್ ಮಾಡ್ಬೇಕ್ರಿ?

ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಮೈದಾಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ, ಅದೂ ನಿಧಾನಕ್ಕೆ. ಕಲಸಿದ ತಕ್ಷಣ ಓವನ್‌ಗೆ ಇಟ್ಟರೆ ತವಡು ಒಣಗಿದ್ದ ಹಾಗೇ ಬೇಯುತ್ತದೆ. ಕಲಸಿದ ಮೇಲೆ ಹತ್ತು ಹದಿನೈದು ನಿಮಿಷ ಮುಚ್ಚಿಡಿ. ಆಮೇಲೂ ಚಮಚದಿಂದ ಕಷ್ಟಪಟ್ಟು ಬೀಳುತ್ತಿದ್ದರೆ ಎರಡು ಚಮಚ ಹಾಲು ಬೆರೆಸಿ. ಚಮಚ ಓರೆ ಮಾಡಿದಾಗ ಮುದ್ದೆಯಾಗಿ, ತಡೆತಡೆದು ಜಾರಬೇಕು. ಹಿಟ್ಟು ಚಪಾತಿಗೆ ಬೀಸಿಸುವುದಕ್ಕಿಂತ ಒಂದು ಹದ ಸಣ್ಣಗೆ ಇದ್ದರೆ ಚೆನ್ನ. ಹಾಗೆ ಹೇಳಿದರೆ ಗಿರಣಿಯವರು ಮಾಡಿಕೊಡುತ್ತಾರೆ.

ಬೆಲ್ಲ ಹಾಕಿದ್ರೆ ಶುಗರ್ ಇದ್ದವರೂ ತಿನ್ನಬಹುದಲ್ವಾ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಉತ್ತರ ಬೇಜಾರು ಮಾಡುತ್ತದೆ, ಆದರೂ ನೇರವಾಗಿ ಹೇಳುತ್ತೇನೆ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಸ್ವಲ್ಪ ಖನಿಜ, ಒಳ್ಳೆಯ ಬಣ್ಣ, ಒಳ್ಳೆಯ ವಾಸನೆ ಇದೆ ನಿಜ. ರಕ್ತದ ಸಕ್ಕರೆ ಮಾತ್ರ ಅದರಿಂದಲೂ ಏರುತ್ತದೆ. ಜೇನುತುಪ್ಪದ ಕಥೆಯೂ ಅದೇ. ಶುಗರ್ ಇರುವ ಹಿರಿಯರಿಗೆ ನಾನು ಬೆಲ್ಲ ಬಿಟ್ಟು, ಎರಡೇ ಎರಡು ಉತ್ತತ್ತಿಯನ್ನು ಬಿಸಿ ನೀರಿನಲ್ಲಿ ನೆನೆಸಿ ಅರೆದು ಹಾಕುತ್ತೇನೆ. ಅರ್ಧ ಮಫಿನ್ ಕೊಡುತ್ತೇನೆ, ಅದೂ ಊಟದ ಲೆಕ್ಕದಲ್ಲಿ ಹಿಡಿದು. ಉತ್ತತ್ತಿ, ಹಣ್ಣು, ಹಿಟ್ಟು ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಎಷ್ಟು ಅನ್ನುವುದನ್ನು ಅವರ ಡಾಕ್ಟರ್ ಹೇಳಬೇಕು, ನಾನಲ್ಲ.

ಹಾಗಾದರೆ ಬೆಲ್ಲ ಯಾಕೆ? ರುಚಿಗೆ. ಕಡಿಮೆ ಹಾಕಿದರೂ ಅದರ ಪರಿಮಳ ತುಂಬಿಕೊಳ್ಳುತ್ತದೆ. ಕರಗಿಸಿ ಸೋಸಿ ಹಾಕಿ, ಕೆಲವು ಬೆಲ್ಲದಲ್ಲಿ ಮಣ್ಣು, ಕಸ ಇರುತ್ತದೆ. ಮೇಲ್ಭಾಗ ಬೇಗ ಕಪ್ಪಾಗುತ್ತದೆ, ಕೊನೆಯ ಐದು ನಿಮಿಷ ಕಣ್ಣಿಟ್ಟಿರಿ. ಇನ್ನೊಂದು ಮಾತು, ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಹಾಕಿದ್ದನ್ನು ಕೊಡಲೇಬೇಡಿ. ಬೇಯಿಸಿದ್ದಾದರೂ ಬೇಡ.

ಬೆಣ್ಣೆ ಬಿಟ್ಟು ಯಾವ ಎಣ್ಣೆ ಹಾಕಬೇಕು? ಎಣ್ಣೆನೇ ಇಲ್ಲದೆ ಆಗಲ್ವಾ?

ನಾನು ಹಾಕುವುದು ಕುಸುಬಿ ಎಣ್ಣೆ. ನಮ್ಮ ಕಡೆಯ ಎರಿ ಹೊಲದ ಬೆಳೆ, ವಾಸನೆ ಮೃದು, ಹಣ್ಣಿನ ರುಚಿಗೆ ಅಡ್ಡ ಬರುವುದಿಲ್ಲ. ಗಾಣದ ಶೇಂಗಾ ಎಣ್ಣೆಯ ವಾಸನೆ ಜೋರು, ಬಾಳೆಹಣ್ಣಿಗೆ ಹೊಂದುತ್ತದೆ, ಮಾವಿಗೆ ಹೊಂದುವುದಿಲ್ಲ. ಎಣ್ಣೆಯನ್ನು ಪೂರ್ತಿ ಬಿಟ್ಟು ನಾನೂ ಮಾಡಿ ನೋಡಿದ್ದೇನೆ. ಬಿಸಿ ಇದ್ದಾಗ ಪರವಾಗಿಲ್ಲ, ಸಂಜೆಗೆ ಸ್ಪಂಜಿನ ಹಾಗೆ ಎಳೆಯಬೇಕಾಯಿತು. ಕಾಲು ಕಪ್‌ಗಿಂತ ಕೆಳಗೆ ಹೋಗಬೇಡಿ. ಹಣ್ಣಿನ ತಿರುಳು ದಪ್ಪ ಇದ್ದರೆ ಮಾತ್ರ ಅದರ ಅರ್ಧಕ್ಕೆ ಇಳಿಸಬಹುದು.

ನಾವು ತತ್ತಿ ತಿನ್ನಂಗಿಲ್ಲ. ಬದಲಿಗೆ ಏನರ ಐತೇನು?

ಅಗಸಿ ಐತಲ್ಲ! ಚಟ್ನಿಗೆಂದು ಮನೆಯಲ್ಲಿ ಇದ್ದೇ ಇರುತ್ತದೆ. ಹುರಿಯದ ಅಗಸಿಯನ್ನು ಪುಡಿ ಮಾಡಿ, ಒಂದು ದೊಡ್ಡ ಚಮಚ ಪುಡಿಗೆ ಮೂರು ದೊಡ್ಡ ಚಮಚ ನೀರು ಹಾಕಿ ಹತ್ತು ನಿಮಿಷ ಬಿಡಿ. ಲೋಳೆಯಾಗಿ ತತ್ತಿಯ ಬಿಳಿಯ ಹಾಗೆಯೇ ಜೋಲುತ್ತದೆ. ಒಂದು ತತ್ತಿಗೆ ಇದು ಸಮ. ಉಬ್ಬುವುದು ಸ್ವಲ್ಪ ಕಡಿಮೆ, ಮೆತ್ತಗಿರುವುದು ಜಾಸ್ತಿ. ಪುಡಿ ಮಾತ್ರ ಆಗಾಗ ಹೊಸದಾಗಿ ಮಾಡಿಕೊಳ್ಳಿ, ಹಳೆಯದು ಕಮಟು ವಾಸನೆ ಬರುತ್ತದೆ.

## ಹಣ್ಣಿನ ವಿಚಾರ

ಯಾವ ಬಾಳೆಹಣ್ಣು ಒಳ್ಳೇದು?

ಸಿಪ್ಪೆ ಕಪ್ಪಾದದ್ದು, ಜಾತಿ ಯಾವುದಾದರೂ ಸರಿ. ಹಣ್ಣಾಗುತ್ತಾ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ಆದ್ದರಿಂದ ಕಳಿತ ಹಣ್ಣಿಗೆ ಬೆಲ್ಲ ಕಡಿಮೆ ಸಾಕು. ಒಂದು ಕಪ್‌ಗೆ ಪಚ್ಚಬಾಳೆ ಎರಡು ಮೂರು ಬೇಕು, ಯಾಲಕ್ಕಿ ಬಾಳೆಯಾದರೆ ಐದಾರು. ಸಂಜೆ ಸಂತೆ ಏಳುವ ಹೊತ್ತಿಗೆ ಹೋದರೆ ಇಂಥ ಕಳಿತ ಹಣ್ಣು ಅಗ್ಗಕ್ಕೆ ಸಿಗುತ್ತವೆ.

ಧಾರವಾಡದ ಪೇರಲ ಹಣ್ಣಿನ ಮಫಿನ್ ಮಾಡಬಹುದಾ? ಬೀಜ ಹಲ್ಲಿಗೆ ಸಿಗ್ತಾವಲ್ಲ.

ಮಾಡಲೇಬೇಕು. ಕೆಲಗೇರಿ ಕಡೆಯ ತೋಟದ ಪೇರಲವನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಮಾರುವ ಊರಿನಲ್ಲಿದ್ದು ಡಬ್ಬಿಯ ಸೇಬಿನ ಸಾಸ್ ಹುಡುಕುವುದು ನನಗೆ ಸರಿ ಕಾಣುವುದಿಲ್ಲ.

ನಾಲ್ಕು ನಡು ಗಾತ್ರದ ಹಣ್ಣು ಸಾಕು. ಹಸಿರು ಹೋಗಿ ಹಳದಿಯಾಗಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗಬೇಕು. ಹೆಚ್ಚಿ, ಕಾಲು ಕಪ್ ನೀರಿನೊಂದಿಗೆ ಮುಚ್ಚಿ ಎಂಟು ನಿಮಿಷ ಬೇಯಿಸಿ. ಆರಿದ ಮೇಲೆ ಸ್ಟೀಲ್ ಜರಡಿಗೆ ಹಾಕಿ ಸೌಟಿನ ಬೆನ್ನಿನಿಂದ ತಿಕ್ಕಿ. ಮೊದಲು ಏನೂ ಇಳಿಯುವುದಿಲ್ಲ, ಕೈ ನೋಯುತ್ತದೆ. ಆಮೇಲೆ ಜರಡಿಯ ಕೆಳಮುಖದಲ್ಲಿ ದಪ್ಪ ತಿರುಳು ಬಂದು ಅಂಟಿಕೊಳ್ಳುತ್ತದೆ. ಅದನ್ನು ಚಮಚದಿಂದ ಕೆರೆದುಕೊಳ್ಳಬೇಕು, ತಾನಾಗಿ ಬೀಳುವುದಿಲ್ಲ. ಜರಡಿಯಲ್ಲಿ ಬೀಜಗಳು ಒಣಗಿದ ಮರಳಿನ ಹಾಗೆ ಕರಕರ ಅನ್ನತೊಡಗಿದರೆ ಕೆಲಸ ಮುಗಿಯಿತು ಅಂತ ಅರ್ಥ. ಮಿಕ್ಸಿಗೆ ಹಾಕಬೇಡಿ. ಬೀಜ ಒಡೆದರೆ ಆ ಮರಳು ಮಫಿನ್ ಒಳಗೆ ಉಳಿಯುತ್ತದೆ.

ಪೇರಲದಲ್ಲಿ ಪೆಕ್ಟಿನ್ ಚೆನ್ನಾಗಿದೆ. ಜೆಲ್ಲಿ ಗಟ್ಟಿಯಾಗುವುದು ಅದರಿಂದಲೇ. ಮಫಿನ್‌ನಲ್ಲಿ ಅದೇ ಪೆಕ್ಟಿನ್ ತೇವ ಹಿಡಿದಿಡುತ್ತದೆ, ಹಾಗಾಗಿ ಇಲ್ಲಿ ಎಣ್ಣೆಯನ್ನು ಎರಡು ದೊಡ್ಡ ಚಮಚಕ್ಕೆ ಇಳಿಸಬಹುದು. ಬೇಯಿಸಿದ ಪೇರಲದ ವಾಸನೆ ಸ್ವಲ್ಪ ಮಂಕಾಗುತ್ತದೆ. ಒಂದು ಚಮಚ ನಿಂಬೆರಸ ಹಿಂಡಿದರೆ ಮತ್ತೆ ಎದ್ದು ಬರುತ್ತದೆ. ಯಾಲಕ್ಕಿ ಬೇಡ, ಚಿಟಿಕೆ ಮೆಣಸಿನ ಪುಡಿ ಹಾಕಿ ನೋಡಿ. ಉಪ್ಪು ಖಾರ ಹಚ್ಚಿದ ಪೇರಲ ತಿಂದು ಬೆಳೆದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಆಪೂಸ್ ಮಾವಿನ ಮಫಿನ್‌ನಲ್ಲಿ ಮಾವಿನ ರುಚಿನೇ ಬರಲಿಲ್ಲ.

ಮಾವಿನ ಪರಿಮಳ ಓವನ್ ಬಿಸಿಗೆ ಹಾರಿಹೋಗುತ್ತದೆ. ಬಣ್ಣ ಮತ್ತು ಸಿಹಿ ಮಾತ್ರ ಉಳಿಯುತ್ತದೆ. ಸೀಕರಣೆಯ ಹದದ ತಿರುಳು ಮುಕ್ಕಾಲು ಕಪ್ ಹಾಕಿ, ಉಳಿದ ಕಾಲು ಕಪ್‌ಗೆ ಗಟ್ಟಿ ಹಣ್ಣಿನ ಸಣ್ಣ ಹೋಳು ಬೆರೆಸಿ. ಬಾಯಿಗೆ ಸಿಗುವ ಹೋಳಿನಲ್ಲಿ ಮಾವು ಮಾವಾಗಿಯೇ ಇರುತ್ತದೆ. ಬೆಲ್ಲ ಎರಡು ದೊಡ್ಡ ಚಮಚ ಸಾಕು. ನನ್ನನ್ನು ಕೇಳಿದರೆ, ಒಳ್ಳೆಯ ಆಪೂಸ್ ಇದ್ದರೆ ಹಾಗೇ ತಿನ್ನಿ. ಓವನ್‌ಗೆ ಒಂದು ಕಡೆ ಬಿದ್ದು ಪೆಟ್ಟಾದ ಹಣ್ಣು ಸಾಕು, ಆ ಭಾಗ ಕತ್ತರಿಸಿ ತೆಗೆದು.

ಸೀತಾಫಲ ಹಾಕಿದ್ದೆ, ಕಹಿ ಆಯ್ತು. ಹಣ್ಣು ಕೆಟ್ಟಿತ್ತಾ?

ಇಲ್ಲ. ಸೀತಾಫಲದ ತಿರುಳು ಬಿಸಿ ತಾಗಿದರೆ ಕಹಿಯಾಗುತ್ತದೆ, ಅದರ ಗುಣವೇ ಹಾಗೆ. ಬೇಯಿಸಬೇಡಿ. ಸಾದಾ ಮಫಿನ್ ಮಾಡಿ, ಪೂರ್ತಿ ಆರಿದ ಮೇಲೆ ತಿರುಳನ್ನು ಗಟ್ಟಿ ಮೊಸರಿನ ಜೊತೆ ಕಲಸಿ ಮೇಲೆ ಹಚ್ಚಿ ಕೊಡಿ. ಅನಾನಸ್‌ದು ಇದಕ್ಕೆ ತದ್ವಿರುದ್ಧ, ಅದನ್ನು ಮೊದಲು ಬೇಯಿಸಿಯೇ ಹಾಕಬೇಕು. ಹಸಿ ಅನಾನಸ್ ಮೊಸರು, ಹಾಲಿನ ಜೊತೆ ಸೇರಿ ನಿಂತರೆ ಕಹಿಯಾಗುತ್ತದೆ.

ಎಲ್ಲಾ ಕಡೆ ಬ್ಲೂಬೆರಿ ಅಂತಾರೆ. ಅದನ್ನ ಎಲ್ಲಿಂದ ತರೋದು?

ತರುವುದೇ ಬೇಡ. ಬೇಸಿಗೆಯಲ್ಲಿ ಬರುವ ಕವಳಿ ಹಣ್ಣು ಅದೇ ಕೆಲಸ ಮಾಡುತ್ತದೆ, ಹುಳಿ ಸಿಹಿ ಎರಡೂ ಇದೆ. ಪೂರ್ತಿ ಕಪ್ಪಾದ ಹಣ್ಣನ್ನೇ ಆರಿಸಿ, ಕಾಯಿಯಾದರೆ ಹಾಲು ಬಿಟ್ಟು ಅಂಟುತ್ತದೆ. ಸೀಳಿ ಬೀಜ ತೆಗೆದು ಅರ್ಧ ಕಪ್ ಹಾಕಿ. ನೇರಳೆಯ ತಿರುಳೂ ಆಗುತ್ತದೆ. ಆದರೆ ಅಂಥ ಹಣ್ಣಿನ ನೇರಳೆ ಬಣ್ಣ ಸೋಡಾ ಜಾಸ್ತಿಯಾದರೆ ಬೂದು, ನೀಲಿ, ಹಸಿರಾಗಿ ತಿರುಗುತ್ತದೆ. ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಮಾತ್ರ ಹಾಕಿ.

## ಏನೋ ಎಡವಟ್ಟಾದಾಗ

ಮ್ಯಾಲೆ ಚಂದ ಉಬ್ಬಿತ್ತು, ಹೊರಗ ತೆಗದ ಕೂಡ್ಲೆ ನಡು ಕುಸೀತು.

ಒಳಗೆ ಇನ್ನೂ ಹಸಿ ಇತ್ತು ಅಂತ ಅರ್ಥ. ಮೊದಲ 15 ನಿಮಿಷ ಓವನ್ ಬಾಗಿಲು ತೆಗೆಯಬಾರದು. ಕಡ್ಡಿ ಚುಚ್ಚಿ ನೋಡುವಾಗ ಅದು ಹಣ್ಣಿನ ಹೋಳಿಗೆ ತಾಗಿದರೆ ಬೆಂದಿದ್ದರೂ ಹಸಿಯಾಗಿ ಬರುತ್ತದೆ, ಆದ್ದರಿಂದ ಎರಡು ಕಡೆ ಚುಚ್ಚಿ. ಬೆರಳಿನಿಂದ ಮೇಲೆ ಮೆಲ್ಲಗೆ ಒತ್ತಿದರೆ ಪುಟಿದು ಮೇಲೆ ಬರಬೇಕು. ಬೇಕಿಂಗ್ ಪೌಡರ್ ಜಾಸ್ತಿಯಾದರೂ ಕುಸಿಯುತ್ತದೆ. ಚೆನ್ನಾಗಿ ಉಬ್ಬಲಿ ಅಂತ ಒಂದು ಚಮಚ ಮೇಲೆ ಹಾಕುವವರೇ ಜಾಸ್ತಿ. ಓವನ್ ತಿರುಗಣಿಯ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ನಾನು ಒಳಗಿಡುವ ಸಣ್ಣ ಥರ್ಮಾಮೀಟರ್ ತಂದ ಮೇಲೆ ಗೊತ್ತಾಯಿತು, ನಮ್ಮದು 180 ಅಂದಾಗ 160 ಮಾತ್ರ ಇರುತ್ತಿತ್ತು.

ಅರ್ಧ ಮಫಿನ್ ಕಾಗದಕ್ಕೇ ಅಂಟಿಕೊಂಡು ಹೋಗ್ತದೆ.

ಎಣ್ಣೆ ಕಡಿಮೆ ಇರುವ ಹಿಟ್ಟು ಕಾಗದಕ್ಕೆ ಅಂಟುತ್ತದೆ. ಕಾಗದದ ಒಳಗೂ ಎಣ್ಣೆ ಸವರಿ, ತಿನ್ನುವ ಮೊದಲು ಪೂರ್ತಿ ಆರಲು ಬಿಡಿ.

ಬೇಯೋ ನಡುವೆ ಕರೆಂಟ್ ಹೋದ್ರೆ?

ಬಾಗಿಲು ತೆಗೆಯಬೇಡಿ. 15 ನಿಮಿಷ ದಾಟಿದ್ದರೆ ಒಳಗಿನ ಬಿಸಿಗೇ ಬೆಂದುಕೊಳ್ಳುತ್ತವೆ, ಹತ್ತು ನಿಮಿಷ ಜಾಸ್ತಿ ಬಿಡಿ. ಈಗ ತಾನೇ ಇಟ್ಟಿದ್ದರೆ ಗ್ಯಾಸ್ ಮೇಲೆ ಉಪ್ಪಿನ ಪಾತ್ರೆ ಕಾಯಿಸಿ ಅದಕ್ಕೆ ಸಾಗಿಸಿ. ಮಳೆಗಾಲದಲ್ಲಿ ನಾನು ಆ ಪಾತ್ರೆಯನ್ನು ಒಲೆಯ ಪಕ್ಕದಲ್ಲೇ ಇಟ್ಟಿರುತ್ತೇನೆ.

ಎಷ್ಟು ದಿನ ಇಡಬಹುದು?

ಹಣ್ಣು ಇರುವುದರಿಂದ ಬೇಗ ಬೂಸ್ಟು ಹಿಡಿಯುತ್ತದೆ. ಹೊರಗೆ ಎರಡು ದಿನ, ಆಷಾಢದ ಜಿಟಿಜಿಟಿ ಮಳೆಯಲ್ಲಾದರೆ ಒಂದೇ ದಿನ. ಫ್ರಿಜ್‌ನಲ್ಲಿ ನಾಲ್ಕು ದಿನ. ಫ್ರೀಜರ್‌ನಲ್ಲಿ ಒಂದೊಂದನ್ನೇ ಸುತ್ತಿಟ್ಟರೆ ಎರಡು ತಿಂಗಳು ಚೆನ್ನಾಗಿರುತ್ತವೆ. ಬಿಸಿ ಇರುವಾಗ ಡಬ್ಬಿ ಮುಚ್ಚಿದರೆ ಆವಿ ನೀರಾಗಿ ಮೇಲ್ಭಾಗ ಅಂಟಂಟಾಗುತ್ತದೆ.

## ಕೈ ಪಳಗಿದವರಿಗೆ

ಸೂರ್ಯಕಾಂತಿ ಬೀಜ ಹಾಕಿದ್ದೆ. ಮರುದಿನ ಒಳಗೆಲ್ಲಾ ಹಸಿರು! ಎಸೆದುಬಿಟ್ಟೆ.

ಎಸೆಯಬೇಕಾಗಿರಲಿಲ್ಲ. ಆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡಾದ ಕ್ಷಾರಕ್ಕೆ ಸೇರಿ ಹಸಿರಾಗುತ್ತದೆ. ಅದು ಬೂಸ್ಟು ಅಲ್ಲ, ತಿಂದರೆ ಏನೂ ಆಗುವುದಿಲ್ಲ. ಹಸಿರು ಬೀಜದ ಸುತ್ತ ಮಾತ್ರ ಇರುತ್ತದೆ, ಮೇಲೆ ನವಿರು ಕೂದಲಿನ ಹಾಗೆ ಬೆಳೆದಿರುವುದಿಲ್ಲ. ಹಾಗೆ ಬೆಳೆದಿದ್ದರೆ ಅದು ಬೂಸ್ಟೇ, ಎಸೆಯಿರಿ. ಸೋಡಾ ಇಳಿಸಿ, ಮೊಸರು ಒಂದು ಚಮಚ ಏರಿಸಿದರೆ ಬಣ್ಣ ತಿರುಗುವುದು ಕಡಿಮೆಯಾಗುತ್ತದೆ.

ಸದಕ ಗೋಧಿಯಲ್ಲಿ ಗ್ಲುಟನ್ ಇಲ್ಲವಂತೆ, ಹೌದಾ?

ತಪ್ಪು ಮಾತು. ಕೆಲವರು ಖಪ್ಲಿ, ಕೆಲವರು ಜವೆ ಗೋಧಿ ಅನ್ನುವ ಇದೂ ಗೋಧಿಯೇ, ಗ್ಲುಟನ್, ಅಂದರೆ ಹಿಟ್ಟಿಗೆ ಜಿಗಿ ಕೊಡುವ ಪ್ರೋಟೀನ್, ಇದೆ. ಗ್ಲುಟನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಖಂಡಿತ ಕೊಡಬಾರದು. ಆದರೆ ಇದರ ಗ್ಲುಟನ್‌ಗೆ ಬಿಗಿ ಕಡಿಮೆ. ಬ್ರೆಡ್‌ಗೆ ಅದು ಕೊರತೆ, ಮಫಿನ್‌ಗೆ ಅನುಕೂಲ, ಮುಟ್ಟಿದರೆ ಉದುರುವಷ್ಟು ಮೆತ್ತಗೆ ಬರುತ್ತದೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ಸದಕ ತಳಿಗಳನ್ನು ಕೊಟ್ಟಿದೆ. ಬೆಳೆಯುವ ರೈತರು ಪರಿಚಯ ಇದ್ದರೆ ಅವರಿಂದಲೇ ಕಾಳು ತಂದು ಬೀಸಿಸಿ.

ಜ್ವಾಳದ ಹಿಟ್ಟು ಹಾಕಿದ್ರ ಪುಡಿಪುಡಿ ಆಗ್ತಾವು. ರೊಟ್ಟಿ ಊರಾಗ ಇದ್ದು ಇದೊಂದು ಆಗವಲ್ದು ನೋಡ್ರಿ.

ಉತ್ತರ ರೊಟ್ಟಿಯಲ್ಲೇ ಇದೆ. ಜೋಳದಲ್ಲಿ ಗ್ಲುಟನ್ ಇಲ್ಲ, ತಣ್ಣೀರಿನಲ್ಲಿ ಕಲಸಿದರೆ ಹಿಡಿದುಕೊಳ್ಳುವುದಿಲ್ಲ. ಅದಕ್ಕೇ ಅಲ್ವಾ ರೊಟ್ಟಿಗೆ ಕುದಿಯುವ ನೀರು ಹಾಕುವುದು? ಬಿಸಿಗೆ ಪಿಷ್ಟ ಉಬ್ಬಿ ಜಿಗಿ ಬರುತ್ತದೆ. ಮಫಿನ್‌ಗೂ ಹಾಗೇ ಮಾಡಿ.

ಕಪ್ಪಿನ ಮೂರನೇ ಒಂದು ಭಾಗ ಜೋಳದ ಹಿಟ್ಟಿಗೆ ಅಷ್ಟೇ ಕುದಿಯುವ ನೀರು ಸುರಿದು ಸೌಟಿನ ಹಿಂಬದಿಯಿಂದ ತಿರುಗಿಸಿ. ಮೊದಲು ಗಂಟುಗಂಟಾಗಿ ಕಾಣುತ್ತದೆ, ನಿಮಿಷದೊಳಗೆ ಒಂದೇ ಮುದ್ದೆಯಾಗಿ ಪಾತ್ರೆಯ ಅಂಚು ಬಿಡುತ್ತದೆ. ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಕೈಗೆ ಉಗುರುಬೆಚ್ಚಗೆ ಹತ್ತಿದಾಗ ಅದನ್ನು ಬಾಳೆಹಣ್ಣಿನ ಜೊತೆ ಹಿಸುಕಿ ಒಂದು ಮಾಡಿ. ಈ ಸಲ ಹಣ್ಣು ಮುಕ್ಕಾಲು ಕಪ್, ಮೊಸರು ಎರಡು ದೊಡ್ಡ ಚಮಚ, ಗೋಧಿ ಹಿಟ್ಟು ಒಂದು ಕಪ್ ಮೇಲೆ ಎರಡು ದೊಡ್ಡ ಚಮಚ. ಉಳಿದದ್ದೆಲ್ಲ ಮೇಲೆ ಹೇಳಿದ ಅಳತೆಯೇ. ಹಿಟ್ಟು ಹೊಸದಾಗಿ ಬೀಸಿಸಿದ್ದಾಗಿರಲಿ, ಹಳೆಯ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ ಅಂತ ರೊಟ್ಟಿ ಬಡಿಯುವವರಿಗೆ ಗೊತ್ತೇ ಇದೆ.

ಮೇಲ್ಭಾಗ ರೊಟ್ಟಿಯ ಹಾಗೆ ಅಲ್ಲಲ್ಲಿ ಸೀಳುತ್ತದೆ, ಅದು ಸರಿಯಾಗಿದ್ದರ ಗುರುತು. ಬಿಸಿ ಇದ್ದಾಗ ಮುರಿದು ಮೇಲೆ ಚೂರು ಬೆಣ್ಣೆ ಇಡಿ.